ಮೂರು ಪ್ರಶ್ನೆಯ ಚೀಟಿ

ಜೂನ್ 10, ಸೋಮವಾರ. ಕ್ಯಾಲಿಫೋರ್ನಿಯಾ

ಪೆಟ್ರೋಲ್ ಬಂಕಿನಲ್ಲಿ ಈ ಪುಸ್ತಕ ಕೊಂಡೆ. ರಟ್ಟಿನ ಮೇಲೆ ಡಾಲ್ಫಿನ್ ಚಿತ್ರವಿದೆ. ಲೈಲ್ ಏನು ತಿಂದ, ಎಷ್ಟು ಕುಡಿದ, ಎಷ್ಟು ಸಲ ಉಚ್ಚೆ ಹೊಯ್ದ ಎಂದು ಬರೆಯಲು ಇಮೋಜೆನ್ ಬೇರೆ ಪುಸ್ತಕ ಕೊಟ್ಟಿದ್ದಾಳೆ. ಅದರಲ್ಲಿ ಅಭಿಪ್ರಾಯ ಬರೆಯಬಾರದಂತೆ. ಹನ್ನೆರಡು ದಿನ ಅಭಿಪ್ರಾಯವಿಲ್ಲದೆ ಬದುಕುವುದು ನನ್ನಿಂದ ಆಗದ ಕೆಲಸ. ಅದಕ್ಕೇ ಇದು.

ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ತಮ್ಮ ಲೈಲ್ ಈ ಕಡಲಿನಿಂದ ಆ ಕಡಲಿಗೆ ಸೈಕಲ್ಲಿನಲ್ಲಿ ಹೊರಡುತ್ತಾನೆ. ಇದು ಸ್ಪರ್ಧೆ: ಮೂರು ಸಾವಿರ ಮೈಲಿ, ಹನ್ನೆರಡು ದಿನ, ಒಂದು ನಿಮಿಷ ಹೆಚ್ಚಾದರೂ ಮುಗಿಸಿದವರ ಪಟ್ಟಿಯಲ್ಲಿ ಹೆಸರಿಲ್ಲ. ಅವನಿಗೆ ಐವತ್ತೊಂದು ವಯಸ್ಸು. ಹಿಂದೆ ಎರಡು ಸಲ ಹೊರಟು, ಎರಡು ಸಲವೂ ಓಹಾಯೋದಲ್ಲಿ ಇಳಿದು, ರಸ್ತೆ ಪಕ್ಕದ ಹುಲ್ಲಿನ ಮೇಲೆ ಅಂಗಾತ ಮಲಗಿ "ಆಗಲ್ಲ" ಎಂದ. ಮೂಳೆ ಮುರಿದಿರಲಿಲ್ಲ, ಜ್ವರವಿರಲಿಲ್ಲ. ಯಾಕೆ ಆಗಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ. ಈ ಸಲವೂ ಆಗದಿದ್ದರೆ ಸೈಕಲ್ ಮಾರುತ್ತಾನಂತೆ. ಹೇಳುವಾಗ ಅವನ ಮುಖ ನೋಡಿದೆ, ಸುಳ್ಳು ಹೇಳುತ್ತಿಲ್ಲ. ಅವನು ಆ ಕಡಲು ಮುಟ್ಟಬೇಕು. ಮುಟ್ಟಿದ ಮೇಲೆ ಒಂದು ವಾರ ಯಾರೂ ನನ್ನನ್ನು ಏನೂ ಕೇಳಬಾರದು. ನನ್ನ ಆಸೆ ಇಷ್ಟೇ.

ದಣಿವಿನ ಕಾರಣ ಹುಡುಕಲೆಂದೇ ಇಮೋಜೆನ್ ಬಂದಿದ್ದಾಳೆ. ನಮ್ಮೂರ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತಾಳೆ. ದಿನಕ್ಕೆ ನಾಲ್ಕು ಸಲ ಲೈಲ್‌ನ ಕಿವಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾಳಂತೆ. ವ್ಯಾನ್ ಓಡಿಸಲು, ಸೈಕಲ್ ರಿಪೇರಿಗೆ ಎಲ್ರಾಯ್ ಕುಬಿಯಾಕ್, ನಲವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದವನು. ನಾನು ತಂಡದ ಮುಖ್ಯಸ್ಥೆ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳಿಗೆ ಒಬ್ಬ ಗಂಡಸು ಯಾವ ಲೆಕ್ಕ?

ಊಟದ ಹೊತ್ತಿಗೆ ಇಮೋಜೆನ್ ಅಳತೆಯ ಪಟ್ಟಿ ತೋರಿಸಿದಳು. ದಣಿವು ಎಷ್ಟು ಎಂದು ಆರರಿಂದ ಇಪ್ಪತ್ತರ ಒಳಗೆ ಲೈಲ್ ಹೇಳಬೇಕು.

"ಆರರಿಂದ ಯಾಕೆ?" ಎಂದ ಎಲ್ರಾಯ್. "ಮೊದಲಿನ ಐದು ಎಲ್ಲಿ ಹೋದ್ವು?"

"ಅದು ಎದೆಬಡಿತದ ಲೆಕ್ಕಕ್ಕೆ ಹೊಂದಿಸಿರೋದು. ಸುಮ್ನೆ ಕೂತಿದ್ರೂ ಆರು."

"ಹಾಗಾದ್ರೆ ಸತ್ತವನಿಗೆ ಮಾತ್ರ ಸೊನ್ನೆ. ಸರಿ ಬಿಡಮ್ಮ."

ಆಮೇಲೆ ಲೈಲ್ ಒಂದು ಚೀಟಿಯನ್ನು ನನ್ನ ಕೈಗೆ ಕೊಟ್ಟ. ನಿದ್ದೆಗೆಟ್ಟವನ ತಲೆ ಯಾವಾಗ ಕೈಕೊಡುತ್ತದೋ ಅವನಿಗೇ ತಿಳಿಯುವುದಿಲ್ಲ, ಆದ್ದರಿಂದ ನಿಲ್ಲಿಸಿದಾಗಲೆಲ್ಲ ನಾನು ಅವನಿಗೆ ಮೂರು ಪ್ರಶ್ನೆ ಕೇಳಬೇಕು. ಇವತ್ತು ಯಾವ ವಾರ? ಇದು ಯಾವ ರಾಜ್ಯ? ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ನಾಯಿಯ ಹೆಸರೇನು? ಎರಡು ತಪ್ಪಾದರೆ ಕೂಡಲೇ ಮಲಗಿಸುವುದು. ಮೂರೂ ತಪ್ಪಾದರೆ ಆಟ ಮುಗಿಯಿತು.

"ನಾನು ಅತ್ರೂ ಬೈದ್ರೂ ನೀನು ಕರಗಬಾರದು ಆರ್ಡಿ."

"ನಾನು ಯಾವತ್ತು ಕರಗಿದೀನಿ?"

"ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು."

ನಾಯಿಯ ಹೆಸರು ಸೆನೆಟರ್. ಒಕ್ಕಣ್ಣ. ಲೈಲ್‌ನ ಸೈಕಲ್ ಹಿಂದೆ ನಾಲಗೆ ಚಾಚಿಕೊಂಡು ಊರೆಲ್ಲ ಓಡುತ್ತಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ಅವಳ ಸೊಂಟ ಮುರಿದ ಮೇಲೆ ಆರು ವರ್ಷದಲ್ಲಿ ನಾನು ಮನೆ ಬಿಟ್ಟು ಬಂದಿರುವುದು ಇದೇ ಮೊದಲು. ಡೆಲ್ಫಿನ್ ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಾಳೆ. ಅಮ್ಮ ಕೇಳಿದ್ದು ಒಂದೇ: "ಲೈಲ್ ತಿಂದ್ನಾ?"

ಜೂನ್ 12, ಬುಧವಾರ. ಅರಿಝೋನಾ

ಬಿಸಿಲು ಎಂದರೆ ಇದು. ಟಾರು ಕರಗಿ ಎಲ್ರಾಯ್‌ನ ಚಪ್ಪಲಿಗೆ ಅಂಟಿಕೊಂಡಿತು. ಕಾಲುಚೀಲದೊಳಗೆ ಮಂಜುಗಡ್ಡೆ ತುಂಬಿ ಗಂಟು ಹಾಕಿ ಲೈಲ್‌ನ ಕತ್ತಿಗೆ ಸುತ್ತುತ್ತಿದ್ದೇವೆ. ಕರಗಿದ ನೀರು ಬೆನ್ನಮೇಲಿಂದ ಇಳಿದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ, ಅವನು ಪ್ರತಿ ಸಲ "ಅಮ್ಮಾ" ಎಂದು ಕೂಗುತ್ತಾನೆ.

ದಣಿವಿಗೆ ಕಾರಣ ಸೆಖೆ ಎಂದು ಇಮೋಜೆನ್ ಹೇಳುತ್ತಾಳೆ. ರಕ್ತವೆಲ್ಲ ಚರ್ಮ ತಣಿಸಲು ಓಡಿದರೆ ಕಾಲಿಗೆ ಏನು ಉಳಿಯುತ್ತದೆ? ಮಾತು ಸರಿಯೆನ್ನಿಸಿತು. ಎಲ್ರಾಯ್ ಒಪ್ಪಲಿಲ್ಲ.

"ನಾನು ಅಂಚೆಯಲ್ಲಿದ್ದಾಗ ನೋಡಿದೀನಿ. ಮನುಷ್ಯ ಸೋಲೋದು ಕಾಲಿಂದ ಅಲ್ಲ, ಅಂಡಿಂದ. ಸೀಟಿನ ಮೇಲೆ ಕೂರಕ್ಕಾಗದವನ ಕಾಲು ತಗೊಂಡು ಏನ್ಮಾಡ್ತೀರ?"

ಹಾಗೆಂದು, ಅವನು, ಸೀಟಿಗೆ ಚರ್ಮ ಉಜ್ಜದಿರಲೆಂದು ಲೈಲ್ ಹಚ್ಚಿಕೊಳ್ಳುವ, ಬಿಸಿಲಿಗೆ ನೀರಾಗಿದ್ದ ಸೀಟಿನ ಮುಲಾಮಿನ ಡಬ್ಬವನ್ನು ನನ್ನ ಮಂಜಿನ ಪೆಟ್ಟಿಗೆಯಲ್ಲಿ, ಕ್ರೀಮ್ ಚೀಸ್ ಪಕ್ಕದಲ್ಲಿ ಇಟ್ಟುಬಿಟ್ಟಿದ್ದಾನೆ. ಅನ್ನದ ಪೆಟ್ಟಿಗೆಯಲ್ಲಿ ಅಂಡಿನ ಮುಲಾಮು! ಶಾಲೆಯ ಅಡುಗೆಮನೆಯಲ್ಲಾಗಿದ್ದರೆ ಅವನನ್ನು ಹೊರಗೆ ಹಾಕುತ್ತಿದ್ದೆ. ಎರಡೂ ಬಿಳಿ ಡಬ್ಬ. ಯಾರಾದರೂ ಎಡವಟ್ಟು ಮಾಡಿಕೊಂಡಾರು ಎಂದು ಬೈದೆ.

ವ್ಯಾನಿನಲ್ಲಿ ಇರುವುದು ಒಂದೇ ಮಂಚ. ಮಲಗುವ ಸರದಿ ಬರೆದು ಅಂಟಿಸಿದ್ದೇನೆ. ಲೈಲ್, ಆಮೇಲೆ ವ್ಯಾನ್ ಓಡಿಸುವ ಎಲ್ರಾಯ್, ಇಮೋಜೆನ್, ಅವರೆಲ್ಲರದು ಮುಗಿದ ಮೇಲೆ ನಾನು. ಅವರದು ಇನ್ನೂ ಮುಗಿದಿಲ್ಲ.

ಮೂರು ಪ್ರಶ್ನೆ: ಮೂರೂ ಸರಿ. ದಣಿವು: ಹದಿಮೂರು.

ಜೂನ್ 14, ಶುಕ್ರವಾರ. ಕೊಲರಾಡೋ

ಬೆಟ್ಟ. ಇಮೋಜೆನ್ ಕಾರಣ ಬದಲಾಯಿಸಿದ್ದಾಳೆ. ಈಗ ತೆಳು ಗಾಳಿಯಂತೆ. ನಿನ್ನೆ ಉಪ್ಪು ಅಂದಿದ್ದಳು, ಅದಕ್ಕೂ ಮುಂಚೆ ಸಕ್ಕರೆ. ಗಳಗಂಡದಿಂದ ಗರ್ಭಕೋಶದವರೆಗೆ ಊರಿನ ಹೆಂಗಸರೆಲ್ಲ ಸೇರಿ ಕಾಯಿಲೆ ಹುಡುಕುವುದೂ ಹೀಗೆಯೇ, ಇವಳ ಬಳಿ ಸೂಜಿ ಇದೆ ಅಷ್ಟೆ.

ನನ್ನ ಪ್ರಕಾರ ಅವನು ಸರಿಯಾಗಿ ತಿನ್ನುತ್ತಿಲ್ಲ. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ವ್ಯಾನಿನ ಕಿಟಕಿಯಿಂದ ಕೈ ಚಾಚಿ ಕೊಡುತ್ತೇನೆ, ಅವನು ಸೈಕಲ್ ತುಳಿಯುತ್ತಲೇ ಬಾಯಿ ತೆರೆಯುತ್ತಾನೆ. ಇವತ್ತು ನಾಲ್ಕನೆಯದಕ್ಕೆ ಬಾಯಿ ಮುಚ್ಚಿಕೊಂಡ.

"ಬಾಯಿ ತೆಗಿಯೋ."

"ಸಾಕು ಆರ್ಡಿ, ವಾಂತಿ ಬರುತ್ತೆ."

"ಬಂದ್ರೆ ಬರ್ಲಿ. ಅರ್ಧ ಆದ್ರೂ ಒಳಗೆ ಉಳಿಯುತ್ತೆ."

ತಿಂದ. ವಾಂತಿಯನ್ನೂ ಮಾಡಿದ. ಅರ್ಧ ಉಳಿಯಿತು.

ಅವನು ಮಲಗಿದ ತೊಂಬತ್ತು ನಿಮಿಷ ನಾನು ಗಡಿಯಾರ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಈ ವ್ಯಾನಿನಲ್ಲಿ ಎಲ್ಲರನ್ನೂ ಎಬ್ಬಿಸುವ ಕೆಲಸ ನನ್ನದು. ಅಮ್ಮನ ಮಾತ್ರೆಗೆಂದು ಮೂರು ಗಂಟೆಗೊಮ್ಮೆ ಏಳುವ ಅಭ್ಯಾಸ, ನನಗೆ ಅಲಾರಂ ಬೇಕಿಲ್ಲ. ನಿದ್ದೆಯೂ ಅಷ್ಟೇನೂ ಬೇಕಿಲ್ಲ.

ಜೂನ್ 16, ಭಾನುವಾರ. ಕ್ಯಾನ್ಸಸ್

ಗೋಧಿ. ಗೋಧಿ. ಎದುರುಗಾಳಿ. ಗೋಧಿ.

ಲೈಲ್ ಕಣ್ಣಿಗೆ ಪಕ್ಕದಲ್ಲಿ ಒಂದು ಹಸು ಸೈಕಲ್ ತುಳಿಯುತ್ತಿದ್ದುದು ಕಾಣಿಸಿತಂತೆ. ಇಮೋಜೆನ್ ಖುಷಿಯಿಂದ ಬರೆದುಕೊಂಡಳು. ಪಾಪ ಹುಡುಗ. ನಾನು ಹಸುವನ್ನು ನೋಡಲಿಲ್ಲ. ಆದರೆ ದಾರಿಯುದ್ದಕ್ಕೂ ಗೂಟದ ಮೇಲೆ ನಿಂತ ಹೊಲದ ಮನೆಗಳ ಅಂಚೆಡಬ್ಬಗಳು ಎಲ್ರಾಯ್‌ಗೆ ತಲೆ ಬಾಗಿಸುತ್ತಿರುವುದನ್ನು ಗಮನಿಸಿದೆ. ನಿವೃತ್ತನಾದರೂ ಎಷ್ಟು ಗೌರವ! ಅವನು ತಿರುಗಿಯೂ ನೋಡುವುದಿಲ್ಲ. ಸೊಕ್ಕು.

ಜೂನ್ 18, ಮಂಗಳವಾರ. ಮಿಝೌರಿ

ಲೈಲ್‌ನ ಕತ್ತು ಬಿದ್ದುಹೋಯಿತು. ಬೆಳಿಗ್ಗೆ ತಲೆ ಮುಂದಕ್ಕೆ ಜೋತು ಗಲ್ಲ ಎದೆಗೆ ತಾಗಿತು, ಮತ್ತೆ ಏಳಲೇ ಇಲ್ಲ. ವಾರವಿಡೀ ತಲೆ ಎತ್ತಿ ಹಿಡಿದ ಸ್ನಾಯುಗಳು ಕೈಚೆಲ್ಲಿದವಂತೆ. ರಸ್ತೆ ಬದಲು ತನ್ನ ಮಂಡಿ ನೋಡುತ್ತ ಸೈಕಲ್ ಓಡಿಸಲು ಹೊರಟಿದ್ದ. ಎಲ್ರಾಯ್ ತನ್ನ ಹಳೆಯ ಅಂಚೆಚೀಲದ ಪಟ್ಟಿಯನ್ನು ಶಿರಸ್ತ್ರಾಣಕ್ಕೆ ಕಟ್ಟಿ, ಹಿಂದಕ್ಕೆಳೆದು, ಸೈಕಲ್ ಟ್ಯೂಬಿನಿಂದ ಸೊಂಟಕ್ಕೆ ಬಿಗಿದ. ಈಗ ಲೈಲ್ ಕಡಿವಾಣ ಬಿಗಿದ ಕುದುರೆಯ ಹಾಗೆ ದಿಗಂತ ನೋಡುತ್ತಾನೆ.

"ನಲವತ್ತು ವರ್ಷ ಈ ಪಟ್ಟಿಯಿಂದ ಒಂದು ಕಾಗದ ಬಿದ್ದಿಲ್ಲ," ಎಂದ ಎಲ್ರಾಯ್. "ನಿನ್ನ ತಲೆನೂ ಬೀಳಲ್ಲ."

ಮಧ್ಯಾಹ್ನ ಬ್ರೆಡ್ಡಿಗೆ ದಪ್ಪಗೆ ಕ್ರೀಮ್ ಚೀಸ್ ಸವರಿ ಕೊಟ್ಟೆ. ಎರಡು ತಿಂದ.

"ಇವತ್ತಿಂದು ಚೆನ್ನಾಗಿದೆ ಆರ್ಡಿ. ಪುದೀನಾ ಹಾಕಿದ್ಯಾ?"

ನಾನು ಪುದೀನಾ ಹಾಕಿಯೇ ಇಲ್ಲ. ನಾಲಗೆಯ ರುಚಿ ಕೆಡುವುದೂ ದಣಿವಿನ ಲಕ್ಷಣವೇ ಇರಬೇಕು. ಇಮೋಜೆನ್‌ಳ ಪುಸ್ತಕದಲ್ಲಿ ಬರೆದೆ. ಸಂಜೆ ಎಲ್ರಾಯ್ ಗೊಣಗುತ್ತಿದ್ದ: "ಸೀಟಿನ ಮುಲಾಮು ಅರ್ಧ ಖಾಲಿ! ಇವನು ಎಲ್ಲೆಲ್ಲಿಗೆ ಹಚ್ಕೋತಿದಾನೆ?" ಕ್ರೀಮ್ ಚೀಸ್ ಮಾತ್ರ ಎಷ್ಟು ಹಾಕಿದರೂ ಮುಗಿಯುತ್ತಲೇ ಇಲ್ಲ. ಒಳ್ಳೆಯ ಡಬ್ಬ.

ಮೂರು ಪ್ರಶ್ನೆ: ವಾರ ತಪ್ಪು ಹೇಳಿದ, ಉಳಿದೆರಡು ಸರಿ. ಅವನು ಮಂಗಳವಾರ ಅಂದ. ಇಮೋಜೆನ್ ಇವತ್ತು ಮಂಗಳವಾರವೇ ಎನ್ನುತ್ತಾಳೆ. ಅವಳಿಗೂ ದಣಿವಾಗಿದೆ, ಪಾಪ. ಅವಳನ್ನು ಮಲಗಲು ಕಳಿಸಿ ನನ್ನ ಸರದಿ ಕೊಟ್ಟೆ.

ಅಮ್ಮ: "ಲೈಲ್ ತಿಂದ್ನಾ?" ತಿಂದ ಅಮ್ಮ, ಪುದೀನಾ ಹಾಕಿದ್ದು.

ಜೂನ್ 31, ಮಂಗಳವಾರ. ಇಂಡಿಯಾನಾ ಅಥವಾ ಅದರ ತಂಗಿ

ಎಲ್ಲ ಸರಿಯಾಗಿದೆ. ಲೈಲ್ ಸ್ವಲ್ಪ ದಣಿದಂತೆ ಕಾಣುತ್ತಾನೆ. ನಾನು ಚೆನ್ನಾಗಿದ್ದೇನೆ. ಆಲೂಗಡ್ಡೆಗೆ ನಮಸ್ಕಾರ ಹೇಳಿದೆ, ಅದು ತಿರುಗಿ ಹೇಳಲಿಲ್ಲ. ಈಗಿನ ಕಾಲದವು.

ನಾನೂರು ಮಕ್ಕಳಿಗೆ ಬಡಿಸಬೇಕು, ಒಬ್ಬನೇ ಬರುತ್ತಿದ್ದಾನೆ, ಮತ್ತೆ ಮತ್ತೆ ಅವನೇ.

ಸರದಿ ಪಟ್ಟಿ ನೋಡಿದೆ. ಆರ್ಡಿಸ್ ಎಂಬವಳೊಬ್ಬಳು ಒಂದು ಸಲವೂ ಮಲಗಿಲ್ಲ. ಯಾರವಳು? ಯಾರಾದರೂ ಅವಳಿಗೆ ಹೇಳಬೇಕು.

ಜೂನ್ 22, ಶನಿವಾರ. ವೆಸ್ಟ್ ವರ್ಜೀನಿಯಾ

ಇವತ್ತು ನಿಜವಾಗಿಯೂ ಶನಿವಾರ. ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಹಿಂದಿನ ಪುಟ ಓದಿ ನಾಚಿಕೆಯಾಯಿತು, ಹರಿಯಲು ಹೋಗಿ ಬಿಟ್ಟೆ.

ನಿನ್ನೆ ನಡೆದದ್ದು ನನಗೆ ಅಲ್ಲಲ್ಲಿ ನೆನಪಿದೆ, ಉಳಿದದ್ದು ಎಲ್ರಾಯ್ ಹೇಳಿದ್ದು. ಓಹಾಯೋ, ಬೆಳಿಗ್ಗೆ ಒಂಬತ್ತು. ನಿಗದಿಗಿಂತ ಎರಡು ಗಂಟೆ ಹತ್ತು ನಿಮಿಷ ಮುಂದಿದ್ದೆವು. ಲೈಲ್ ಹಿಂದೆ ಎರಡು ಸಲ ಬಿದ್ದ ಜಾಗ ದಾಟಿಯಾಗಿತ್ತು. ಎಲ್ರಾಯ್ ಆಕಳಿಸಿದ ಎಂದು ನಾನು ಸ್ಟಿಯರಿಂಗ್ ಕಿತ್ತುಕೊಂಡೆನಂತೆ. ಹತ್ತು ನಿಮಿಷ ಸರಿಯಾಗಿ ಓಡಿಸಿದೆ. ಆಮೇಲೆ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿದೆ.

"ಯಾಕೆ ನಿಲ್ಸಿದೆ?" ಎಂದ ಎಲ್ರಾಯ್.

"ಅವು ದಾಟ್ಲಿ."

"ಯಾವು?"

"ಅಂಚೆಡಬ್ಬಗಳು. ಮರಿಗಳೂ ಇವೆ, ಕಾಣಲ್ವಾ?"

ಹಿಂದೆ ವ್ಯಾನಿನ ಸದ್ದು ಕೇಳಿಸದೆ ಲೈಲ್ ತಿರುಗಿ ಬಂದ. ಅಂಚೆಪಟ್ಟಿಯಲ್ಲಿ ತಲೆ ಬಿಗಿದುಕೊಂಡಿದ್ದರಿಂದ ನನ್ನನ್ನು ನೋಡಲು ಅವನು ಇಡೀ ಮೈ ತಿರುಗಿಸಬೇಕಾಯಿತು. ನಾನು ಚೀಟಿ ತೆಗೆದು ಪ್ರಶ್ನೆ ಕೇಳಿದೆ. ಶುಕ್ರವಾರ, ಓಹಾಯೋ, ಸೆನೆಟರ್ ಎಂದ. ಆಮೇಲೆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡ.

"ಈಗ ನೀನು ಹೇಳು ಆರ್ಡಿ. ಯಾವ ವಾರ?"

"ಮಂಗಳವಾರ."

"ಯಾವ ರಾಜ್ಯ?"

"ಅಡುಗೆಮನೆ."

ಎಲ್ರಾಯ್ ಕಿಸಕ್ಕನೆ ನಕ್ಕನಂತೆ.

"ನಮ್ಮ ನಾಯಿ ಹೆಸರೇನು? ನನ್ನ ಸೈಕಲ್ ಹಿಂದೆ ಓಡಿ ಬರ್ತಿತ್ತಲ್ಲ?"

ಇದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಉತ್ತರ ಗೊತ್ತಿದೆ ಎಂದು ಹೆಮ್ಮೆಯಾಗಿತ್ತು.

"ಆರ್ಡಿಸ್," ಎಂದೆ.

ಆಗ ಯಾರೂ ನಗಲಿಲ್ಲ. ಲೈಲ್ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ವ್ಯಾನಿನ ಬೀಗದ ಕೈ ಕಿತ್ತು ಎಲ್ರಾಯ್‌ಗೆ ಕೊಟ್ಟು, ನನ್ನ ರಟ್ಟೆ ಹಿಡಿದು ಹಿಂದಿನ ಮಂಚಕ್ಕೆ ಕರೆದೊಯ್ದ.

"ಮೂರೂ ತಪ್ಪು. ನಿನ್ನ ಆಟ ಮುಗೀತು. ಮಲಗು."

"ನಿನಗೆ ಎರಡೇ ಗಂಟೆ ಇರೋದು ಕಣೋ! ಹೋಗು!"

"ನೀನು ಮಲಗೋ ತನಕ ನಾನು ಏರಲ್ಲ."

"ನೀನು ಏರೋ ತನಕ ನಾನು ಮಲಗಲ್ಲ."

ಅವನು ಅಲ್ಲೇ ವ್ಯಾನಿನ ನೆಲದ ಮೇಲೆ ಮಂಚಕ್ಕೆ ಒರಗಿ ಉದ್ದಕ್ಕೆ ಮಲಗಿಬಿಟ್ಟ. ನಾನು ಬೂಟು ಬಿಚ್ಚಿದ್ದು ನೆನಪಿಲ್ಲ. ಆಮೇಲೆ ಇಮೋಜೆನ್‌ಳ ಪುಸ್ತಕದಲ್ಲಿ ನೋಡಿದೆ: ಅವನಿಗೆ ತೊಂಬತ್ತು ನಿಮಿಷ, ನನಗೆ ಸಾಕಾಗುವಷ್ಟು, ಎಂದು ಅವಳು ತೀರ್ಮಾನಿಸಿದ್ದಳು. ಎಲ್ರಾಯ್ ವ್ಯಾನನ್ನು ರಸ್ತೆ ಬದಿಗೆ ಸರಿಸಿ ಸ್ಟಿಯರಿಂಗ್ ಮೇಲೆ ಒರಗಿದ. ಅವಳು ಮುಂದಿನ ಸೀಟಿನಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದಳು.

ತೊಂಬತ್ತು ನಿಮಿಷಕ್ಕೆ ಎಬ್ಬಿಸುವವರು ಯಾರು ಎಂದು ಯಾರೂ ಯೋಚಿಸಿರಲಿಲ್ಲ. ಎಬ್ಬಿಸುವವಳು ನಾನು. ನಾನು ಗೊರಕೆ ಹೊಡೆಯುತ್ತಿದ್ದೆ.

ಮಧ್ಯಾಹ್ನ ಎರಡೂ ಕಾಲಿಗೆ ಒಬ್ಬ ರೈತ ಕಿಟಕಿ ತಟ್ಟಿ, ನಾಲ್ವರೂ ಬದುಕಿದ್ದೀರಾ ಎಂದು ಕೇಳಿದ. ಐದು ಗಂಟೆ ಹೋಗಿತ್ತು. ಎರಡು ಗಂಟೆ ಮುಂದಿದ್ದವರು ಮೂರು ಗಂಟೆ ಹಿಂದೆ ಬಿದ್ದಿದ್ದೆವು. ನಾನು ಎದೆ ಬಡಿದುಕೊಂಡು ಅತ್ತೆ. ಲೈಲ್ ಮೈ ಮುರಿದು, ಸೈಕಲ್ ಏರಿ, ಇಪ್ಪತ್ತರ ಹುಡುಗನ ಹಾಗೆ ಹಾರಿದ. ಕತ್ತಿನ ಪಟ್ಟಿಯನ್ನೂ ಸಂಜೆಯ ಹೊತ್ತಿಗೆ ಸಡಿಲಿಸಿಕೊಂಡ.

ಇಮೋಜೆನ್ ತನ್ನ ಲೆಕ್ಕವನ್ನೆಲ್ಲ ಹರಡಿಕೊಂಡು ಕೂತಿದ್ದಳು. "ನಿದ್ದೆ," ಎಂದಳು ಕೊನೆಗೆ. "ಬಿಸಿಲು, ಉಪ್ಪು, ಸಕ್ಕರೆ ಎಲ್ಲಾ ಕಾರಣವೇ. ಆದರೆ ಮೆದುಳೇ ಬ್ರೇಕ್ ಹಾಕಿದ್ಮೇಲೆ ಕಾಲು ಏನು ಮಾಡುತ್ತೆ?"

"ಇದಕ್ಕೆ ಕಾಲೇಜು ಬೇಕಿತ್ತಾ?" ಎಂದ ಎಲ್ರಾಯ್.

"ಇನ್ನೊಂದು ವಿಷಯ. ಹತ್ತು ದಿನದಿಂದ ನಾನು ತಪ್ಪು ಕಿವಿಗೆ ಸೂಜಿ ಚುಚ್ಚುತ್ತಿದ್ದೆ." ಹಾಗೆಂದು ನನ್ನ ಕಡೆ ನೋಡಿದಳು. "ಆರ್ಡಿಸ್, ನಿಮ್ಮ ದಣಿವು ಎಷ್ಟು? ಆರರಿಂದ ಇಪ್ಪತ್ತರೊಳಗೆ."

ಇದುವರೆಗೆ ಯಾರೂ ಕೇಳಿರಲಿಲ್ಲ. ಹತ್ತು ದಿನದ್ದೋ, ಆರು ವರ್ಷದ್ದೋ ಎಂದು ಕೇಳಬೇಕೆನ್ನಿಸಿತು. ಹದಿನೆಂಟು ಎಂದೆ. ಇಪ್ಪತ್ತು ಎನ್ನಲು ಸಂಕೋಚವಾಯಿತು.

ಮುಲಾಮಿನ ಡಬ್ಬದ ವಿಷಯವೂ ಹೊರಬಿತ್ತು. ಲೈಲ್ ಎರಡು ಮೈಲಿ ನಗುತ್ತಲೇ ಸೈಕಲ್ ತುಳಿದ. ಒಳಗಿನಿಂದಲೂ ಎಲ್ಲೂ ಉಜ್ಜುತ್ತಿಲ್ಲವಂತೆ.

ಜೂನ್ 23, ಭಾನುವಾರ. ಅಟ್ಲಾಂಟಿಕ್ ದಡ

ಹೊರಟ ಊರಿನ ಗಡಿಯಾರದ ಪ್ರಕಾರ ಹನ್ನೆರಡು ಗಂಟೆ ಮೂವತ್ತೆಂಟು ನಿಮಿಷ.

ಮೂವತ್ತೆಂಟು ನಿಮಿಷ ತಡ. ನಾವು ಬಂದಾಗ ಒಬ್ಬ ಮುದುಕ ಬ್ಯಾನರ್ ಮಡಚುತ್ತಿದ್ದ. ಕ್ಷಮಿಸಿ, ಪಟ್ಟಿಯಲ್ಲಿ ಹೆಸರು ಬರುವುದಿಲ್ಲ ಎಂದ. ಲೈಲ್ ಅವನಿಗೆ ಧನ್ಯವಾದ ಹೇಳಿ, ಸೈಕಲ್ಲಿನ ಮುಂದಿನ ಚಕ್ರವನ್ನು ನೀರಿಗಿಳಿಸಿ ನಿಂತ. ಎಲ್ರಾಯ್ ಟೋಪಿ ತೆಗೆದ. "ನಲವತ್ತು ವರ್ಷದಲ್ಲಿ ನನ್ನ ಅಂಚೆ ತಡ ಆಗಿದ್ದು ಇದೇ ಮೊದಲು," ಎಂದು ಮೂಗು ಒರೆಸಿಕೊಂಡ.

ನಾನು ಮಂಡಿಯುದ್ದ ನೀರಿನಲ್ಲಿ ಲೈಲ್ ಪಕ್ಕ ಹೋಗಿ ನಿಂತೆ. ಬಹಳ ದುಃಖವಾಗಿತ್ತು.

"ನಾನು ಮಲಗದಿದ್ರೆ ನೀನು ಹೊತ್ತಿನೊಳಗೇ ಬರ್ತಿದ್ದೆ."

"ನೀನು ಮಲಗದಿದ್ರೆ ಈಗ ಮೀನುಗಳಿಗೆ ದಾರಿ ಬಿಡ್ತಾ ನಿಂತಿರ್ತಿದ್ದೆ."

"ಪಟ್ಟೀಲಿ ಹೆಸರಿಲ್ಲ ಕಣೋ."

"ಸಮುದ್ರ ಇದೆಯಲ್ಲ." ಚಕ್ರವನ್ನು ಇನ್ನಷ್ಟು ನೀರಿಗೆ ತಳ್ಳಿದ. "ಎಷ್ಟು ವರ್ಷದಿಂದ ಹೀಗೆ ಏಳ್ತಿದ್ದೀಯ, ಮೂರು ಗಂಟೆಗೊಂದ್ಸಲ?"

"ಆರು."

ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಲೈಲ್ ತಿಂದ್ನಾ?"

ಅವನು ಫೋನ್ ಕಿತ್ತುಕೊಂಡ. "ಅಮ್ಮ, ಆರ್ಡಿ ತಿಂದ್ಲಾ ಅಂತ ಕೇಳು."

ಆ ಕಡೆಯಿಂದ ಅಮ್ಮನ ಧ್ವನಿ ನನಗೂ ಕೇಳಿಸಿತು. "ಅವಳಿಗೇನಾಗಿದೆ? ಗಟ್ಟಿ ಹೆಂಗಸು ಅವಳು."

ಜುಲೈ 14, ಭಾನುವಾರ. ಮನೆ, ವಿಸ್ಕಾನ್ಸಿನ್

ಲೈಲ್ ಸೈಕಲ್ ಮಾರಿಲ್ಲ. ಕ್ರಿಸ್‌ಮಸ್‌ಗೆ ಒಮ್ಮೆ, ಅಮ್ಮನ ಹುಟ್ಟುಹಬ್ಬಕ್ಕೆ ಒಮ್ಮೆ ಬರುತ್ತಿದ್ದವನು ಈಗ ಭಾನುವಾರ ಬೆಳಿಗ್ಗೆ ಎರಡು ಗಂಟೆ ತುಳಿದುಕೊಂಡು ಬಂದು ಬಾಗಿಲಲ್ಲಿ ನಿಂತು ಚೀಟಿ ತೆಗೆಯುತ್ತಾನೆ. ಹಿಂದುಗಡೆ ಹೊಸ ನಿಯಮ ಬರೆದಿದ್ದಾನೆ: ಎರಡು ತಪ್ಪಾದರೆ ಮುಖ್ಯಸ್ಥೆ ಮಲಗಬೇಕು, ಮನೆ ಲೈಲ್ ನೋಡಿಕೊಳ್ಳಬೇಕು, ಮುಖ್ಯಸ್ಥೆಯ ಮಾತು ಕೇಳಬಾರದು.

ಹಿಂದಿನ ಎರಡು ಭಾನುವಾರವೂ ಮೂರಕ್ಕೆ ಮೂರು ಸರಿ ಹೇಳಿ, ಅವನಿಗೆ ತಿಂಡಿ ಕೊಟ್ಟು, ಬಟ್ಟೆ ಒಗೆಯಲು ಹೋದೆ. ಅವನು ಪೆಚ್ಚಾಗಿ ಕೂತಿದ್ದ.

ಈ ವಾರ ಅಮ್ಮನಿಗೆ ಕೆಮ್ಮು. ಇವತ್ತು ಬಾಗಿಲು ತೆಗೆದಾಗ ಚರ್ಚಿನ ಗಂಟೆ ಬಾರಿಸುತ್ತಿತ್ತು.

"ಯಾವ ವಾರ, ಆರ್ಡಿ?"

ಗಂಟೆ ನಿಲ್ಲುವವರೆಗೆ ಕಾದೆ. "ಬುಧವಾರ."

ಅವನು ಕಣ್ಣು ಕಿರಿದು ಮಾಡಿದ. "ಯಾವ ರಾಜ್ಯ?"

"ವಿಸ್ಕಾನ್ಸಿನ್." ಮೂರೂ ತಪ್ಪಾದರೆ ಆಟವೇ ಮುಗಿದುಹೋಗುತ್ತದಲ್ಲ.

"ನಾಯಿ ಹೆಸರು?"

"ಲೈಲ್," ಎಂದೆ.

ಅವನು ಚೀಟಿ ಮಡಚಿ ಜೇಬಿಗಿಟ್ಟು, ನನ್ನ ಏಪ್ರನ್ ಬಿಚ್ಚಿ ತಾನು ಕಟ್ಟಿಕೊಂಡ.

ಈಗ ಮೇಲಿನ ಕೋಣೆಯಲ್ಲಿ ಮಲಗಿ ಬರೆಯುತ್ತಿದ್ದೇನೆ. ಕೆಳಗೆ ಅಮ್ಮ ಕೇಳುತ್ತಿದ್ದಾಳೆ, "ಆರ್ಡಿ ಎಲ್ಲಿ? ಅವಳು ತಿಂದ್ಲಾ?" ಬ್ರೆಡ್ಡಿಗೆ ಸವರಲು ಏನಿದೆ ಎಂದು ಲೈಲ್ ಕೂಗುತ್ತಿದ್ದಾನೆ. ಏನೋ ಬಿದ್ದು ಒಡೆದ ಸದ್ದು. ಬಹುಶಃ ಅಡುಗೆಮನೆಯ ನೀಲಿ ಜಾಡಿ.

ನಾನು ಏಳುವುದಿಲ್ಲ.